ಗೋಡೆ ಹತ್ತಿದ ಗುಂಡಿ

"ಅತ್ತೆ, ನನ್ನ ಗುಂಡಿ ಗೋಡೆ ಹತ್ತುತ್ತಾ ಇದೆ," ಎನ್ನುತ್ತ ಸೊಸೆ ಹೊಲಿಗೆ ಯಂತ್ರದ ಹಿಂದಿನಿಂದ ಮೆಲ್ಲಗೆ ಜಾರಿಕೊಂಡು ಬಾಗಿಲಿಗೆ ಬಂದಳು.

ಬೆಳಗಿನಿಂದ ಹುಡುಕಿ ಹುಡುಕಿ ಸೋತಿದ್ದ ಗುಂಡಿ ಅದು. ಗಾಯಕಿಯೊಬ್ಬಳು ಆ ಸಂಜೆಯೇ ವೇದಿಕೆಗೆ ತೊಟ್ಟುಕೊಂಡು ಹೋಗಲು ನಮ್ಮಲ್ಲಿ ಹೊಲಿಸುತ್ತಿದ್ದ ಕಪ್ಪು ಕೋಟಿನದು. ಅವಳೇ ತಂದುಕೊಟ್ಟ ಬಿಳಿಯ ದೊಡ್ಡ ಗುಂಡಿಗಳು, ಅಂಗಡಿಯಲ್ಲಿ ಸಿಗುವಂಥವಲ್ಲ. ಒಂದು ನಾಪತ್ತೆ. ಒಳಗೆ ಹೋಗಿ ನೋಡಿದರೆ, ಅಂಗೈಯಗಲದ ಜೇಡವೊಂದು ಅದನ್ನು ಹೊಟ್ಟೆಗೆ ಅವಚಿಕೊಂಡು, ಅಳತೆಪಟ್ಟಿ ನೇತುಹಾಕಿದ ಮೊಳೆಯ ಪಕ್ಕದಲ್ಲಿ ನಿಂತಿದೆ.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಯುವಾಗ ಕೊಂಡ ಭೂತಗನ್ನಡಿ ಈಗ ಹೆಚ್ಚಾಗಿ ಜೇಡಗಳಿಗೇ ಮೀಸಲು. ಬಚ್ಚಲ ಮೂಲೆಯ ಎಳೆಗಾಲಿನವಳು, ಕಿಟಕಿಯಲ್ಲಿ ಕುಪ್ಪಳಿಸಿ ನನ್ನನ್ನೇ ತಿರುಗಿ ನೋಡುವ ಪುಟಾಣಿ, ಎಲ್ಲರೂ ಹಳೆಯ ಪರಿಚಯ. ಇಂಥದ್ದನ್ನು ಮಾತ್ರ ಪುಸ್ತಕದಲ್ಲಿ ಬಿಟ್ಟರೆ ಕಂಡವಳಲ್ಲ.

"ಅದು ವಿಷದ್ದೋ ಅಲ್ವೋ ಗೊತ್ತಾಗೋವರೆಗೂ ನಾನು ಯಂತ್ರದ ಹತ್ರ ಕೂರಲ್ಲ," ಎಂದಳು ಸೊಸೆ.

ಅಷ್ಟರಲ್ಲಿ, ಬೆಳಗಿನಿಂದ ನಮ್ಮ ಜೊತೆಗೇ ಹುಡುಕುತ್ತಿದ್ದ ನನ್ನ ತಂಗಿ ಕಾಲಿನ ಚಪ್ಪಲಿ ಕಳಚಿ ಕೈಗೆತ್ತಿಕೊಂಡಿದ್ದಳು. "ಗೊತ್ತಾಗೋದೇನಿದೆ ಇದ್ರಲ್ಲಿ? ಒಂದೇ ಏಟು. ಜೇಡಾನೂ ಬೀಳುತ್ತೆ, ಗುಂಡೀನೂ ಬೀಳುತ್ತೆ."

"ಗುಂಡಿ ಒಡೆದ್ರೆ, ಚಿಕ್ಕತ್ತೆ?"

"ತಡಿಯೇ. ಮೊದಲು ಕಳ್ಳಿ ಯಾರು ಅಂತ ನೋಡ್ತೀನಿ," ಎಂದು ನಾನು ಸ್ಟೂಲು ಎಳೆದೆ.

"ನೋಡು, ನೋಡು. ನೀನು ಅದರ ವಂಶಾವಳಿ ಓದಿ ಮುಗಿಸೋದ್ರಲ್ಲಿ ಅದು ಊರು ದಾಟಿರುತ್ತೆ." ಹಾಗೆಂದರೂ ಒಂದು ಕೈಯಲ್ಲಿ ಸ್ಟೂಲು ಹಿಡಿದಳು. ಇನ್ನೊಂದರಲ್ಲಿ ಎತ್ತಿದ ಚಪ್ಪಲಿ ಹಾಗೇ ಇತ್ತು.

ಸ್ಟೂಲು ಹತ್ತಿ ಭೂತಗನ್ನಡಿ ಹಿಡಿದೆ. ಸುತ್ತ ಬಲೆಯಿಲ್ಲ. ಏಡಿಯಂತೆ ಪಕ್ಕಕ್ಕೆ ಚಾಚಿದ ಕಾಲುಗಳು. ಕಣ್ಣುಗಳ ಕೆಳಗೆ, ಹಾಲು ಕುಡಿದು ಬಾಯೊರೆಸಲು ಮರೆತಂಥ ಬಿಳಿ ಪಟ್ಟೆ. ಗಾಜನ್ನು ಗುಂಡಿಯ ಮೇಲೆ ಸರಿಸಿದೆ.

"ಇದಕ್ಕೆ ತೂತೇ ಇಲ್ಲ ಕಣೇ."

"ಏನಂದ್ರಿ?"

"ತೂತಿಲ್ದಿದ್ರೆ ದಾರ ಎಲ್ಲಿಂದ ಹಾಕ್ತೀಯ? ಇದು ಗುಂಡಿಯಲ್ಲ, ಮೊಟ್ಟೆಚೀಲ. ಬಲೆ ಕಟ್ಟದೆ ಓಡಾಡಿ ಬೇಟೆಯಾಡೋ ಜೇಡ ಇವಳು. ಬಸುರಿಯೂ ಅಲ್ಲ, ಬಾಣಂತಿಯೂ ಅಲ್ಲ, ನಡುವೆ ಎಲ್ಲೋ ಇದ್ದಾಳೆ." ನನ್ನ ಸಡಗರಕ್ಕೆ ಸ್ಟೂಲೂ ಅಲುಗಿತು. "ಹಿಂಡಿ ಹಿಡಿದ್ರೆ ಕಚ್ಚಾಳು, ಉರಿದೀತು. ಜೀವಕ್ಕೇನೂ ಇಲ್ಲ. ಜಿರಳೆಗಷ್ಟೇ ಇವಳು ಯಮ."

ಸೊಸೆಯ ಮುಖ ಅರಳಿ, ಮತ್ತೆ ಬಾಡಿತು. "ಹಾಗಾದ್ರೆ ನನ್ನ ಗುಂಡಿ ಎಲ್ಲಿ?"

ನೆಲದಲ್ಲಿ ಬಿದ್ದಿರಬಹುದೇ ಎಂದು ಕೆಳಗೆ ನೋಡಿದೆ. ತಂಗಿಯ ಚಪ್ಪಲಿಯ ಅಡಿ ನನ್ನ ಮೂಗಿನ ಮುಂದೆಯೇ ಇತ್ತು. ಯಾರೋ ಉಗಿದ ಚೂಯಿಂಗ್ ಗಮ್ಮಿಗೆ ಕಚ್ಚಿಕೊಂಡು, ನಾಲ್ಕು ತೂತಿನ ಬಿಳಿಯ ಗುಂಡಿ.

"ಚಿಕ್ಕತ್ತೆ, ಕೈ ಇಳಿಸಬೇಡಿ," ಎಂದಳು ಸೊಸೆ, ಓಡಿ ಬಂದು.

"ಕಳ್ಳಿ ಸಿಕ್ಕಳು," ಎಂದೆ ನಾನು.

"ಇಳೀ ಕೆಳಗೆ, ದೊಡ್ಡ ಪತ್ತೇದಾರಿ," ಎಂದು ತಂಗಿ ಗೊಣಗಿದಳು.

ಜೇಡವನ್ನು ಅಗಲಬಾಯಿಯ ಡಬ್ಬಿಯಿಂದ ಮುಚ್ಚಿ, ಡಬ್ಬಿಯ ಕೆಳಗೆ ರಟ್ಟು ತೂರಿಸಿ, ಹಿಂದಿನ ಸಾಮಾನು ಕೋಣೆಗೆ ಬಿಟ್ಟುಬಂದೆ. ಮೊಟ್ಟೆಚೀಲವನ್ನು ಆಕೆ ಕೊನೆಯವರೆಗೂ ಬಿಡಲಿಲ್ಲ. ವಾಪಸು ಬರುವಷ್ಟರಲ್ಲಿ ಸೊಸೆ ಯಂತ್ರದ ಮುಂದೆಯೇ ಕೂತು, ತೊಳೆದ ಗುಂಡಿಯನ್ನು ಕೋಟಿಗೆ ಹೊಲಿಯುತ್ತಿದ್ದಳು.

"ಅತ್ತೆ, ಆ ಚೀಲದಲ್ಲಿ ಎಷ್ಟು ಮರಿ ಇರ್ತವೆ?"

"ಮೊದಲು ಕೋಟು ಮುಗಿಸು," ಎಂದೆ.