ಖಾಲಿ ಬಂದ ಪಾತ್ರೆಗಳು

ಒಂದು ಊರಿನ ಹೊಟ್ಟೆಯ ಸಮಾಚಾರ ಯಾರಿಗೆ ಚೆನ್ನಾಗಿ ಗೊತ್ತು ಎಂದು ಕೇಳಿದರೆ ಡಾಕ್ಟರಿಗೆ ಅನ್ನುವವರುಂಟು, ಅಡುಗೆಯವರಿಗೆ ಅನ್ನುವವರೂ ಉಂಟು. ಎರಡೂ ಸುಳ್ಳು. ಗೊತ್ತಿರುವುದು ಲಿಫ್ಟ್ ರಿಪೇರಿ ಮಾಡುವವನಿಗೆ. ಹೋಟೆಲಿನ ಗಿರಾಕಿಗಳು ಮುಂದಿನ ಲಿಫ್ಟಿನಲ್ಲಿ ಕನ್ನಡಿ ನೋಡಿಕೊಂಡು, ಕ್ರಾಪು ಸರಿಮಾಡಿಕೊಂಡು ಮೇಲೆ ಹೋಗುತ್ತಾರೆ. ಹಿಂದೆ, ಕಸದ ಡಬ್ಬಿಗಳ ಪಕ್ಕದಲ್ಲಿ, ಸಾಮಾನು ಸಾಗಿಸುವ ಇನ್ನೊಂದು ಲಿಫ್ಟ್ ಇರುತ್ತದೆ. ತುಂಬಿದ ಪಾತ್ರೆಗಳು ಅದರಲ್ಲೇ ಮೇಲೆ ಹೋಗಬೇಕು, ಉಳಿದದ್ದು ಅದರಲ್ಲೇ ಕೆಳಗೆ ಬರಬೇಕು.

ನಮ್ಮ ಲಿಫ್ಟ್ ಮೆಕ್ಯಾನಿಕ್ ತನ್ನ ಇಡೀ ವಿದ್ಯೆಯನ್ನು ಕಟ್ಟಿಕೊಂಡಿದ್ದು ಈ ಲಿಫ್ಟಿನ ಬಾಗಿಲಲ್ಲಿ ನಿಂತು. "ಮೇಲೆ ಹೋಗೋದನ್ನ ನೋಡಿ ಮರುಳಾಗಬೇಡಿ, ಕೆಳಗೆ ಬರೋದನ್ನ ನೋಡಿ" ಅನ್ನುವುದು ಅವನ ಮಂತ್ರ. ಪಾತ್ರೆ ಖಾಲಿ ಬಂದರೆ ಜನ ಬಾಯಿ ಚಪ್ಪರಿಸಿ ತಿಂದಿದ್ದಾರೆ ಎಂದರ್ಥ. ಅರ್ಧ ತುಂಬಿ ಬಂದರೆ ಆ ಕಡೆ ತಲೆ ಹಾಕಿಯೂ ಮಲಗಬಾರದು. ನಾಲ್ಕು ಭಾಷೆಯ ಜನ ಇರುವ, ಒಂದೇ ಕಟ್ಟಡದಲ್ಲಿ ಮಹಡಿಗೊಂದು ಒಗ್ಗರಣೆಯ ವಾಸನೆ ಬರುವ ಆ ಊರಿನಲ್ಲಿ, ಕೊಟ್ಟ ಕಾಸಿಗೆ ಮೋಸವಿಲ್ಲದ ಬಫೆ ಎಲ್ಲಿದೆ ಎಂದು ಯಾರಿಗೆ ಬೇಕಾದರೂ ಹೇಳಬಲ್ಲವನು ಅವನೊಬ್ಬನೇ. ಹಾಗಾಗಿ ಜನ ಅವನನ್ನು ಬಫೆರಾಯ ಅಂತಲೇ ಕರೆಯುತ್ತಿದ್ದರು. ಅವನಿಗೂ ಅದು ಪದವಿ ಸಿಕ್ಕಷ್ಟು ಖುಷಿ.

ಬಫೆರಾಯನಿಗೆ ಶಾಸ್ತ್ರವೂ ಇತ್ತು. ಒಳಗೆ ಹೋದವನು ಮೊದಲು ಬರಿಗೈಯಲ್ಲಿ ಮೇಜುಗಳಿಗೆ ಒಂದು ಪ್ರದಕ್ಷಿಣೆ ಹಾಕಬೇಕು. ನೀರು ಕೊನೆಗೆ ಕುಡಿಯಬೇಕು. ಅನ್ನ ಮತ್ತು ಬ್ರೆಡ್ಡು ಹೊಟ್ಟೆಯಲ್ಲಿ ಜಾಗ ಹಿಡಿದು ಕೂರುವ ಶತ್ರುಗಳು, ಅವುಗಳ ಮುಖವನ್ನೂ ನೋಡಬಾರದು. ಎಷ್ಟೋ ವರ್ಷಗಳಿಂದ ಹೊರಗೆ ಊಟಕ್ಕೆ ಹೋದಾಗ ಅವನ ಹೆಂಡತಿ ಒಂದು ಚಮಚ ಅನ್ನ ಹಾಕಿಕೊಂಡರೂ ಅವನಿಗೆ ಸಂಕಟವಾಗುತ್ತಿತ್ತು. ಆಕೆ ಬೇಕೆಂದೇ ಎರಡು ಚಮಚ ಹಾಕಿಕೊಳ್ಳುತ್ತಿದ್ದಳು.

ಹೀಗಿರುವಾಗ ಮಗಳ ಮದುವೆಯ ಮಾತು ಬಂತು. ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಕನ್ನಡಕದ ಗಾಜು ಉಜ್ಜಿ ಅಳತೆಗೆ ತರುವ ಹುಡುಗ ಅವಳಿಗೆ ಒಪ್ಪಿಗೆಯಾಗಿದ್ದ. ಬೇರೆ ಭಾಷೆಯವನು. ಆದರೇನು, ತಲೆ ತಗ್ಗಿಸಿ ಕೆಲಸ ಮಾಡುವ ಒಳ್ಳೆಯ ಹುಡುಗ, ಮನೆಗೆ ಬಂದರೆ ಚಪ್ಪಲಿ ನೆಟ್ಟಗೆ ಜೋಡಿಸಿಟ್ಟು ಒಳಗೆ ಬರುವವನು. ತಂದೆ ಇಲ್ಲ. ತಾಯಿ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವರಾಗಿದ್ದು ಈಚೆಗೆ ನಿವೃತ್ತರಾಗಿದ್ದರು. ಅವರು ಇನ್ನೂ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. "ಒಂದು ಸಲ ಆ ಮನೆಯವರ ಜೊತೆ ಕೂತು ಊಟ ಮಾಡ್ತೀನಿ. ಆಮೇಲೆ ಹೇಳ್ತೀನಿ" ಎಂದಷ್ಟೇ ಮಗನಿಗೆ ಹೇಳಿದ್ದರಂತೆ. ಅಮ್ಮ ಹೂಂ ಅನ್ನದೆ ಮದುವೆ ಬೇಡ ಎಂದು ಹುಡುಗ, ಹುಡುಗ ಹೇಳಿದ ಹಾಗೆಯೇ ಆಗಲಿ ಎಂದು ಮಗಳು. ಹೊರಗೆ ನಗುನಗುತ್ತಲೇ ಇದ್ದ ಮಗಳು ರಾತ್ರಿ ಅನ್ನ ಕಲಸಿ ಕಲಸಿ ಬಿಡುತ್ತಿದ್ದುದು ಅಪ್ಪನ ಕಣ್ಣಿಗೆ ಬಿದ್ದಿತ್ತು.

"ಅಷ್ಟೇ ತಾನೆ! ಊಟದ ಮಾತಾದರೆ ನನಗೆ ಬಿಡಿ. ಬೀಗರನ್ನ ಎಲ್ಲಿಗೆ ಕರ್ಕೊಂಡು ಹೋಗಬೇಕು ಅಂತ ನಾನು ನೋಡ್ಕೊಳ್ತೀನಿ" ಎಂದು ಬಫೆರಾಯ ಎದೆ ತಟ್ಟಿಕೊಂಡ.

"ಇನ್ನೂ ಮಾತೇ ಆಗಿಲ್ಲ, ಆಗಲೇ ಬೀಗರಂತೆ! ಅವರ ಮುಂದೆ ಆ ಪದ ಬಾಯಿಗೆ ಬಂದೀತು, ಜೋಕೆ" ಎಂದಳು ಹೆಂಡತಿ. "ಊಟ ಬಲ್ಲವನಿಗೆ ರೋಗ ಇಲ್ಲ, ಮಾತು ಬಲ್ಲವನಿಗೆ ಜಗಳ ಇಲ್ಲ ಅಂತಾರೆ. ನಿಮಗೆ ಗೊತ್ತಿರೋದು ಅದರಲ್ಲಿ ಅರ್ಧ ಮಾತ್ರ."

ಮಗಳು ಅಪ್ಪನ ಕೈ ಹಿಡಿದುಕೊಂಡಳು. "ಅಪ್ಪಾ, ಬಫೆ ಬೇಡಪ್ಪ. ಮೇಜಿಗೆ ತಂದುಕೊಡೋ ಹೋಟೆಲಿಗೇ ಹೋಗೋಣ. ಅವರಿಗೆ ಹೋದ ವರ್ಷ ಹೊಟ್ಟೆ ಆಪರೇಷನ್ ಆಗಿದೆ, ಎಲ್ಲಾ ತಿನ್ನೋ ಹಾಗಿಲ್ಲ."

"ಅದಕ್ಕೇ ಬಫೆ ಬೇಕು ಕಣಮ್ಮ" ಎಂದ ಬಫೆರಾಯ. "ಮೆನು ಕಾರ್ಡ್ ಕೈಗೆ ಕೊಟ್ಟರೆ ಮರ್ಯಾದಸ್ಥರು ಮೊದಲು ಬೆಲೆ ನೋಡ್ತಾರೆ. ನನಗೆ ಹಸಿವಿಲ್ಲ, ಒಂದು ಸೂಪ್ ಸಾಕು ಅಂತಾರೆ. ಬಫೆಯಲ್ಲಿ ಆ ಸಂಕೋಚವೇ ಇಲ್ಲ. ಬೇಕಾದ್ದು, ಬೇಕಾದಷ್ಟು, ಹೊಟ್ಟೆಗೆ ಆಗೋದನ್ನ ನೋಡ್ಕೊಂಡು ಹಾಕ್ಕೊಳ್ಳಲಿ."

ಹೇಳಿದ್ದರಲ್ಲಿ ಹುರುಳಿತ್ತು. ಮಗಳು ಒಪ್ಪಿಕೊಂಡಳು.

ಹುಡುಕಾಟ ಶುರುವಾಯಿತು. ಬಫೆರಾಯ ಸಂಜೆ ಕೆಲಸ ಮುಗಿಸಿ ಟೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಹೋಟೆಲುಗಳ ಹಿತ್ತಲು ಸುತ್ತಿದ. ಬಂದರಿನ ಹತ್ತಿರದ್ದು ಅಗ್ಗ, ಆದರೆ ಮೀನು ಬಿಟ್ಟರೆ ಬೇರೆ ಗತಿಯಿಲ್ಲ. ಸಿನಿಮಾ ಮಂದಿರದ ಪಕ್ಕದ್ದು ರುಚಿ, ಆದರೆ ಎಲ್ಲಕ್ಕೂ ಬೆಂಕಿಯಂಥ ಖಾರ. ಬ್ಯಾಂಕಿನ ಕಟ್ಟಡದ್ದಕ್ಕೆ ಕಾಲಿಟ್ಟರೆ ತಿಂಗಳ ಸಂಬಳ ಅಲ್ಲೇ ಬಿಟ್ಟು ಬರಬೇಕು. ಕೊನೆಗೆ ಬಸ್ ನಿಲ್ದಾಣದ ಹತ್ತಿರ, ಒಂಬತ್ತನೇ ಮಹಡಿಯಲ್ಲಿ, ಹೊಸದಾಗಿ ತೆರೆದಿದ್ದ ಒಂದು ಹೋಟೆಲು ಕಣ್ಣಿಗೆ ಬಿತ್ತು. ಅಲ್ಲಿ ಎಲ್ಲ ಬಗೆಯ ಅಡುಗೆಯೂ ಇತ್ತು, ದೊಡ್ಡ ಕಿಟಕಿಗಳಿದ್ದವು, ಹಿರಿಯರಿಗೆ ಅರ್ಧ ದರ. ದೈವಕೃಪೆ ಎಂಬಂತೆ ಅದೇ ವಾರ ಅಲ್ಲಿನ ಸಾಮಾನಿನ ಲಿಫ್ಟಿನ ಬಾಗಿಲು ಕೆಟ್ಟು ಅವನಿಗೇ ಕರೆ ಬಂತು. ದೊಡ್ಡ ಅಡುಗೆಮನೆ ಕೆಳಗೆ, ನೆಲಮಾಳಿಗೆಯಲ್ಲಿ. ಮೇಲೆ ಊಟದ ಹಾಲಿಗೆ ಅಂಟಿಕೊಂಡು ಬಿಸಿ ಮಾಡಲು ಒಂದು ಸಣ್ಣ ಕೋಣೆ. ಬಫೆರಾಯ ಬಾಗಿಲಿನ ಮೋಟಾರು ಬಿಚ್ಚಿ ಜೋಡಿಸಿ, ಲಿಫ್ಟ್ ಓಡಿಸಿ ನೋಡುವ ನೆಪದಲ್ಲಿ ಅಲ್ಲೇ ನಿಂತು ನೋಡುತ್ತಲೇ ಇದ್ದ. ಕೆಳಗೆ ಬಂದ ಪ್ರತಿಯೊಂದು ಪಾತ್ರೆಯೂ ಖಾಲಿ. ಸುಮ್ಮನೆ ಖಾಲಿಯಲ್ಲ, ನೆಕ್ಕಿದ ಹಾಗೆ ಖಾಲಿ. ಅಷ್ಟು ವರ್ಷದ ಸೇವೆಯಲ್ಲಿ ಅವನು ಅಂಥದ್ದನ್ನು ಕಂಡಿರಲಿಲ್ಲ.

"ಒಂದು ಸಲ ತಿಂದು ನೋಡಿ ಬರಬಾರದೇನ್ರೀ?" ಎಂದಳು ಹೆಂಡತಿ.

"ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು. ನಾನು ಹಿಚುಕಿ ನೋಡಿ ಬಂದಿದ್ದೀನಿ" ಎಂದು ಬಫೆರಾಯ ಮೇಜು ಕಾದಿರಿಸಿಯೇಬಿಟ್ಟ.

ಭಾನುವಾರ ಮಧ್ಯಾಹ್ನ ಐದು ಜನ ಕಿಟಕಿಯ ಪಕ್ಕದ ಮೇಜಿಗೆ ಕೂತರು. ಹುಡುಗನ ತಾಯಿ ಸಣ್ಣ ಆಳು. ಬೆಳ್ಳಗಾದ ಕೂದಲನ್ನು ಗಟ್ಟಿಯಾಗಿ ಕಟ್ಟಿದ್ದರು. ಮಾತು ಕಮ್ಮಿ, ಕಣ್ಣು ಮಾತ್ರ ಎಲ್ಲ ಕಡೆ ಓಡಾಡುತ್ತಿತ್ತು. ಎರಡು ಮನೆಯವರೂ ಊರಿನ ಪೇಟೆಯಲ್ಲಿ ಎಲ್ಲರೂ ಆಡುವ ಭಾಷೆಯಲ್ಲೇ ಮಾತಾಡಿಕೊಂಡರು. ಅದು ಇಬ್ಬರಿಗೂ ಮನೆಮಾತಲ್ಲ, ಆದರೆ ಇಬ್ಬರಿಗೂ ಸಲೀಸು. ಬಫೆರಾಯ ಕೂರಲೇ ಇಲ್ಲ. ಹಿರಿಯರು ಓಡಾಡುವುದು ಬೇಡ ಎಂದು ತಾನೇ ಅವರಿಗೆ ಸೂಪು, ನೂಡಲ್ಸು, ಕಟ್ಲೆಟ್ಟು ಎಂದು ಒಂದೊಂದಾಗಿ ತಂದಿಟ್ಟ. ತಂದಿಟ್ಟು ಅವರ ಮುಖವನ್ನೇ ನೋಡುತ್ತ ನಿಂತ.

"ಹೇಗಿದೆ?"

"ಚೆನ್ನಾಗಿದೆ" ಎಂದರು ಹುಡುಗನ ತಾಯಿ.

ಬಫೆರಾಯನಿಗೆ ಹೋದ ಜೀವ ಬಂದಂತಾಯಿತು. ಆಗ ತಾನೂ ಕೂತು ಒಂದು ಚಮಚ ಸೂಪು ಬಾಯಿಗಿಟ್ಟ. ಅಯ್ಯೋ! ಬಿಸಿ ತುಪ್ಪ ಬಾಯಿಗೆ ಬಿದ್ದವನ ಪಾಡು ಅವನದು, ನುಂಗಲೂ ಆಗದು, ಉಗುಳಲೂ ಆಗದು. ಹುಳಿ ತಿರುಗುವುದಕ್ಕೆ ಸ್ವಲ್ಪವೇ ಮುಂಚಿನ ಹಳಸಲು, ಅದನ್ನು ಮುಚ್ಚಲು ಸುರಿದ ಮೆಣಸಿನ ಪುಡಿ. ಹೆಂಡತಿಯನ್ನು ನೋಡಿದ. ಆಕೆ ಕಿಟಕಿಯಾಚೆ ನೋಡುತ್ತ ಬಹಳ ಹೊತ್ತಿನಿಂದ ಒಂದೇ ತುತ್ತನ್ನು ಅಗಿಯುತ್ತಿದ್ದಳು. ಮಗಳ ಮುಖ ಸಪ್ಪಗಾಗಿತ್ತು. ಹುಡುಗ "ಚೆನ್ನಾಗಿದೆ ಅಂಕಲ್" ಎಂದು ಕೇಳದಿದ್ದರೂ ಹೇಳಿದ.

ಬಫೆರಾಯ ಎದ್ದು, ಇದೊಂದೇ ಹೀಗಿರಬಹುದು ಎಂದು ಆಸೆಯಿಂದ ಮೇಜುಗಳಿಗೆ ಪ್ರದಕ್ಷಿಣೆ ಹಾಕಿದ. ಸೂಪಿನಲ್ಲಿ ಕ್ಯಾರೆಟ್ಟಿನ ಹೋಳು ತ್ರಿಕೋನ, ನೂಡಲ್ಸಿನಲ್ಲೂ ತ್ರಿಕೋನ, ಕಟ್ಲೆಟ್ಟು ಮುರಿದರೆ ಅದರೊಳಗೂ ಅದೇ ತ್ರಿಕೋನ. ಅಷ್ಟರಲ್ಲಿ ಪಕ್ಕದ ಸಣ್ಣ ಕೋಣೆಯ ಬಾಗಿಲು ತೆರೆಯಿತು. ಒಳಗೆ ಒಬ್ಬ ಅಡುಗೆಯವನು ಮಿಕ್ಕ ನೂಡಲ್ಸನ್ನು ಸೂಪಿನ ಹಂಡೆಗೆ ಸುರಿದು, ಪಾತ್ರೆಯ ತಳವನ್ನು ಸೌಟಿನಿಂದ ಚೊಕ್ಕಟವಾಗಿ ಸವರಿ, ಖಾಲಿ ಪಾತ್ರೆಯನ್ನು ಲಿಫ್ಟಿನ ಗಾಡಿಗೆ ಇಡುತ್ತಿದ್ದ. ಪಾತ್ರೆಗಳು ಖಾಲಿ ಬರುತ್ತಿದ್ದ ಗುಟ್ಟು ಬಫೆರಾಯನಿಗೆ ಆಗ ಹೊಳೆಯಿತು. ಮೇಲೆ ಹೋದದ್ದು ಕೆಳಗೆ ಬರುತ್ತಿರಲಿಲ್ಲ ನಿಜ. ಅದು ಅಲ್ಲೇ ಜನ್ಮದ ಮೇಲೆ ಜನ್ಮ ಎತ್ತುತ್ತಿತ್ತು. ನಿನ್ನೆಯ ಪಲ್ಯ ಇವತ್ತಿನ ಸೂಪು, ಇವತ್ತಿನ ಸೂಪು ನಾಳೆಯ ಕಟ್ಲೆಟ್ಟು, ಮೋಕ್ಷವೆಂಬುದೇ ಇಲ್ಲ!

ಅಗ್ಗ ಸೂರೆ ಎಂದು ಮುಗ್ಗಿದ ಜೋಳ ಕೊಂಡಂತಾಯಿತಲ್ಲ ಎಂದು ಹಣೆ ಚಚ್ಚಿಕೊಳ್ಳುತ್ತ ಅವನು ಮೇಜಿಗೆ ವಾಪಸು ಬಂದ. ಹುಡುಗನ ತಾಯಿಯ ಸೂಪಿನ ಬಟ್ಟಲು ಖಾಲಿಯಾಗಿತ್ತು. ಮಗನ ಕೈಯಲ್ಲಿ ಇನ್ನೊಂದು ಬಟ್ಟಲು ತರಿಸಿಕೊಂಡು, ತಟ್ಟೆಯಲ್ಲಿಟ್ಟುಕೊಂಡು, ಚಮಚ ಅದ್ದುತ್ತಿದ್ದರು.

ಹೇಳಿದರೆ ಏನಾದೀತು? ಊಟ ಒಂದನ್ನೇ ಕೇಳಿದ್ದರು, ಅದನ್ನೂ ಹಳಸಲು ಹಾಕಿದರು ಎಂದು ಮಗಳ ಮದುವೆ ಮುರಿದು ಬೀಳಬಹುದು. ಹೇಳದಿದ್ದರೆ? ಅವರು ಚೆನ್ನಾಗಿದೆ ಅಂದಿದ್ದಾರೆ. ಇನ್ನು ಸ್ವಲ್ಪ ಹೊತ್ತು ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಊಟ ಮುಗಿಯುತ್ತದೆ, ಹೂಂ ಅಂತಾರೆ, ಮಗಳು ನಗುತ್ತಾಳೆ. ಬಫೆರಾಯ ಮಗಳ ಮುಖ ನೋಡಿದ. ಆಮೇಲೆ ಆಪರೇಷನ್ ಆದ ಆ ಹೊಟ್ಟೆಗೆ ಇಳಿಯಲಿದ್ದ ಚಮಚ ನೋಡಿದ.

ಕೈ ತಾನಾಗಿ ಮುಂದೆ ಹೋಯಿತು. ಊಟಕ್ಕೆ ಕರೆದ ಅತಿಥಿಯ ಮುಂದಿನಿಂದ ಅವನು ತಟ್ಟೆಯನ್ನು, ಬಟ್ಟಲನ್ನು, ಎಲ್ಲವನ್ನೂ ಕಿತ್ತುಕೊಂಡ.

"ತಿನ್ನಬೇಡಿ ಅಮ್ಮಾ. ಇದು ಚೆನ್ನಾಗಿಲ್ಲ. ಹಳಸಿದೆ."

ಹೆಂಡತಿ "ರೀ!" ಎಂದಳು. ತಿನ್ನುವವರ ತಟ್ಟೆಗೆ ಕೈ ಹಾಕುವುದಕ್ಕಿಂತ ದೊಡ್ಡ ಅಪಚಾರ ಇನ್ನೇನಿದೆ? ಹುಡುಗನ ತಾಯಿಯ ಚಮಚ ಗಾಳಿಯಲ್ಲೇ ನಿಂತಿತ್ತು. ಬಫೆರಾಯ ತಟ್ಟೆ ಹಿಡಿದುಕೊಂಡೇ, ನಾಚಿಕೆಯಿಂದ ತೊದಲುತ್ತ, ಲಿಫ್ಟು, ಖಾಲಿ ಪಾತ್ರೆ, ತನ್ನ ಮಂತ್ರ, ಒಳಗೆ ಕಂಡ ಸೌಟು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. "ತಪ್ಪು ನನ್ನದು. ನನ್ನ ಮಗಳದ್ದು ಏನೂ ಇಲ್ಲ. ಅವಳು ಬೇಡ ಅಂತಲೇ ಅಂದಿದ್ದಳು" ಎಂದ.

ಹುಡುಗನ ತಾಯಿ ಚಮಚ ಕೆಳಗಿಟ್ಟರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೇನೋ ಎಂದುಕೊಂಡ ಬಫೆರಾಯ. ನೋಡಿದರೆ ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು, ಮಾತಾಡಲು ಬಾಯಿ ತೆರೆದು ಮತ್ತೆ ಮುಚ್ಚುವಷ್ಟು ನಗು.

"ಅಲ್ರೀ, ಜನ ತಿಂದ ಪಾತ್ರೆ ಯಾವತ್ತಾದರೂ ಅಷ್ಟು ಚೊಕ್ಕ ಇರುತ್ತಾ?" ಎಂದರು ಕೊನೆಗೆ. "ಮೂಲೆಯಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತೆ. ಕೊನೇ ತುತ್ತು ಹಾಕ್ಕೊಳ್ಳೋಕೆ ಎಲ್ಲರಿಗೂ ನಾಚಿಕೆ. ತಳ ಸವರಿದ್ದರೆ ಅದು ಅಡುಗೆಯವನ ಕೈ. ನನಗೆ ಮೊದಲನೇ ಚಮಚಕ್ಕೇ ಗೊತ್ತಾಯ್ತು."

"ಮತ್ತೆ ಇನ್ನೊಂದು ಬಟ್ಟಲು ಯಾಕೆ ತರಿಸಿದ್ರಿ?"

"ಮೊದಲನೇದು ಆ ಹೂವಿನ ಕುಂಡದಲ್ಲಿದೆ" ಎಂದು ಅವರು ಕಣ್ಣಿನಲ್ಲೇ ಕಿಟಕಿಯ ಕಡೆ ತೋರಿಸಿದರು. "ಎರಡನೇದನ್ನೂ ಅಲ್ಲಿಗೇ ಅಂದ್ಕೊಂಡಿದ್ದೆ. ಆದರೆ ನೀವು ನನ್ನ ಬಟ್ಟಲನ್ನೇ ನೋಡ್ತಾ ಬಂದುಬಿಟ್ರಿ. ನಾನು ತಿನ್ನದೇ ಇದ್ದರೆ ನಿಮಗೆ ಎಷ್ಟು ಬೇಜಾರಾಗ್ತಿತ್ತು ಹೇಳಿ."

ಆಗ ಹೆಂಡತಿ ಬಾಯಲ್ಲಿದ್ದ ಆ ಒಂದು ತುತ್ತನ್ನು ಕರವಸ್ತ್ರಕ್ಕೆ ಉಗುಳಿ, "ಸದ್ಯ!" ಎಂದಳು. ಐವರೂ ನಕ್ಕರು. ಬಡಿಸುವ ಹುಡುಗಿ ಏನಾಯಿತೆಂದು ಬಂದು ನೋಡಿ ಹೋದಳು. ಕಟ್ಟಿದ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು, ಆದರೆ ಬಫೆರಾಯನಿಗೆ ಅವತ್ತು ಅದರ ಚಿಂತೆ ಬರಲೇ ಇಲ್ಲ.

"ಹಸಿವಾಗ್ತಿದೆ. ನಿಮ್ಮ ಮನೆ ಎಷ್ಟು ದೂರ?" ಎಂದು ಕೇಳಿದರು ಹುಡುಗನ ತಾಯಿ.

ಮನೆ ದೂರವಿರಲಿಲ್ಲ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡುಗೆಮನೆಯಲ್ಲಿ ಹೆಂಡತಿ ಕುಕ್ಕರಿಗೆ ಅಕ್ಕಿ ಹಾಕಿದಳು. ಹುಡುಗನ ತಾಯಿ ಯಾರನ್ನೂ ಕೇಳದೆ ಡಬ್ಬಿಗಳ ಮುಚ್ಚಳ ತೆಗೆದು ಮೂಸಿ, ಬೇಕಾದ್ದನ್ನು ತಾವೇ ಆರಿಸಿಕೊಂಡು, ಆಲೂಗಡ್ಡೆ ಹುರಿದರು. ಉಪ್ಪು ಎಷ್ಟು ಎಂಬ ವಿಚಾರಕ್ಕೆ ಇಬ್ಬರು ಹೆಂಗಸರಿಗೂ ಸಣ್ಣ ಚರ್ಚೆಯೇ ನಡೆಯಿತು. ಮಗಳು ಮೊಟ್ಟೆ ಒಡೆದಳು, ಹುಡುಗ ಟೊಮೇಟೊ ಹೆಚ್ಚಿದ. ಬಫೆರಾಯನಿಗೆ ಒಳಗೆ ಪ್ರವೇಶವಿರಲಿಲ್ಲ. ಮಂಚದ ಮೇಲೆ ಕೂತು, ಇವರು ಇನ್ನೂ ಏನೂ ಹೇಳಲಿಲ್ಲವಲ್ಲ ಎಂದು ಉಗುರು ಕಚ್ಚುತ್ತಿದ್ದ. ನಗುವುದು ಬೇರೆ, ಹೂಂ ಅನ್ನುವುದು ಬೇರೆ.

ಊಟಕ್ಕೆ ಕೂತಾಗ ಎಲ್ಲರಿಗೂ ಹಸಿವು ಕೆರಳಿತ್ತು. ಹುಡುಗನ ತಾಯಿಯ ತಟ್ಟೆ ಎಲ್ಲರಿಗಿಂತ ಮೊದಲು ಖಾಲಿಯಾಯಿತು. ಅವರು ಮಗನ ಕಡೆ ವಾಲಿ ಕಿವಿಯಲ್ಲಿ ಏನನ್ನೋ ಕೇಳಿದರು. ಮಗ ಕೆಂಪಾಗಿ, ಅಷ್ಟೇ ಮೆಲ್ಲಗೆ ಒಂದು ಪದ ಹೇಳಿಕೊಟ್ಟ. ಅವರು ಅದನ್ನು ತುಟಿಯಲ್ಲೇ ಒಂದೆರಡು ಸಲ ಹೊರಳಿಸಿ ನೋಡಿ, ತಟ್ಟೆಯನ್ನು ಬಫೆರಾಯನ ಮುಂದೆ ಚಾಚಿದರು.

"ಬೀಗರೇ" ಎಂದರು, ಸೊಟ್ಟ ಉಚ್ಚಾರದ ಕನ್ನಡದಲ್ಲಿ. ಉಳಿದದ್ದನ್ನು ಪೇಟೆಯ ಭಾಷೆಯಲ್ಲಿ ಸೇರಿಸಿದರು. "ತಟ್ಟೆ ಕಿತ್ಕೊಂಡವರು ನೀವೇ ಅಲ್ವಾ? ಈಗ ನೀವೇ ಬಡಿಸಿ."

ಮಗಳ ಕೈಯಿಂದ ತುತ್ತು ಜಾರಿ ತಟ್ಟೆಗೆ ಬಿತ್ತು. ಬಫೆರಾಯನಿಗೆ ಕಣ್ಣು ಮಂಜಾಗಿ ಎದುರಿಗಿದ್ದ ಸೌಟೂ ಕಾಣಲಿಲ್ಲ. ಹೆಂಡತಿಯೇ ಅದನ್ನು ಅವನ ಕೈಗಿಟ್ಟು, "ಕೇಳಿಸಲಿಲ್ವೇನ್ರೀ? ಬೀಗಿತಿಗೆ ಬಡಿಸಿ" ಎಂದಳು.

ಅವನು ಕುಕ್ಕರಿನೊಳಗೆ ಸೌಟು ಇಳಿಸಿ, ಬಫೆಗಳಲ್ಲಿ ಜೀವಮಾನವಿಡೀ ಶತ್ರು ಎಂದು ದೂರವಿಟ್ಟಿದ್ದ ಅನ್ನವನ್ನು ಆ ತಟ್ಟೆಗೆ ಗೋಪುರವಾಗುವಷ್ಟು ಬಡಿಸಿದ. ಆಮೇಲೆ ತನ್ನ ತಟ್ಟೆಗೂ ಅಷ್ಟೇ ಹಾಕಿಕೊಂಡ.