ಕುದುರೆಯ ಜಾಗಕ್ಕೆ

“ಕುದುರೆಗೆ ಕಾಲು ಉಳುಕಿದೆ. ನಿಮಗೇನು ಧಾಡಿ, ಬೋಳಿಮಕ್ಕಳಾ? ಹಗ್ಗ ಹೆಗಲಿಗೆ ಹಾಕ್ಕೊಳ್ರೋ,” ಎಂದ ಯಾರ್ಡ್ ಮಾಸ್ತರ.

ಮೇಲ್ ಗಾಡಿ ಓಡಾಡುವ ದೊಡ್ಡ ಹಳಿಯಲ್ಲಿ ಬಿಡಿಸಿಟ್ಟ ಗೂಡ್ಸ್ ವ್ಯಾಗನ್‌ಗಳನ್ನು ಒಂದೊಂದಾಗಿ ತಿರುಗುತಟ್ಟೆಯ ಮೇಲಕ್ಕೆ ಎಳೆಯುವುದು ಕುದುರೆಯ ಕೆಲಸ. ಮೇಲೆ ತುಂಡು ಹಳಿಯಿದ್ದ ಆ ಕಬ್ಬಿಣದ ತಟ್ಟೆಯನ್ನು ಸನ್ನೆಗೋಲು ಹಾಕಿ ತಿರುಗಿಸಿ, ವ್ಯಾಗನ್ನನ್ನು ಗೋದಾಮಿನ ಹಳಿಗೆ ನೂಕುವುದು ನಮ್ಮ ನಾಲ್ವರ ಕೆಲಸ. ಆ ದಿನ ಕುದುರೆ ಲಾಯದಲ್ಲಿ ಹುಲ್ಲು ಮೇಯುತ್ತಿತ್ತು. ಅದರ ಕಾಲಿಗೆ ಬಿಸಿನೀರಿನ ಬಟ್ಟೆ ಸುತ್ತಿದ್ದರು.

ಹಿಂದಿನ ವಾರ ಎರಡು ವ್ಯಾಗನ್‌ಗಳ ನಡುವೆ ಭಾವನ ಕೈ ಜಜ್ಜಿಹೋದಾಗ ಅಕ್ಕನೇ ತನ್ನ ತಲೆಬಟ್ಟೆ ಹರಿದು ಕಟ್ಟಿದ್ದಳು. ಈಗ ಅವನ ಬದಲಿಗೆ ಅವಳೇ ಬಂದಿದ್ದಳು.

ವ್ಯಾಗನ್ ತುಂಬ ಸುಣ್ಣದ ಮೂಟೆ. ಮೊದಲ ಎಳೆತಕ್ಕೆ ಅಲ್ಲಾಡಲಿಲ್ಲ. ಮಾಸ್ತರ ಕುದುರೆಯವನ ಚಾಟಿ ಇಸಿದುಕೊಂಡು ನಮ್ಮ ಕಿವಿಯ ಪಕ್ಕ ಗಾಳಿಗೆ ಬೀಸಿದ. ಕುದುರೆ ಓಡಿಸುವವರಂತೆ ನಾಲಿಗೆ ಲೊಚಗುಟ್ಟಿದ. ಗೋದಾಮಿನ ಕಟ್ಟೆಯ ಮೇಲಿದ್ದ ಗುಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಕುದುರೆಯಾಗಿದ್ರೆ ಒದೀಬಹುದಿತ್ತು,” ಎಂದು ನಮ್ಮಲ್ಲಿ ಹಿರಿಯನಾದ ಗೂನ ಗೊಣಗಿದ.

ವ್ಯಾಗನ್ ತಟ್ಟೆ ಹತ್ತಿತು. ಸನ್ನೆಗೋಲು ಹಾಕಿ ಎದೆಕೊಟ್ಟು ನೂಕಿದೆವು. ತಟ್ಟೆ ಅರ್ಧ ತಿರುಗಿರಬೇಕು, ಚಾಟಿಯ ತುದಿ ಅಕ್ಕನ ಕುತ್ತಿಗೆಗೆ ಬಿತ್ತು. ಬೇಕೆಂದೇ ಹೊಡೆದನೋ, ಕೈ ತಪ್ಪಿತೋ, ಗೊತ್ತಿಲ್ಲ. ಅಕ್ಕ ಅಲ್ಲೇ ನಿಂತಳು.

“ಏನೇ, ಸತ್ತೋದ್ಯಾ? ಮೇಲ್ ಗಾಡಿ ಬರೋ ಹೊತ್ತಾಯ್ತು. ತಿರುಗ್ಸೇ ಮುಂಡೆ.”

“ನೀನೇ ತಿರುಗ್ಸು.”

ಅವಳು ಸನ್ನೆಗೋಲನ್ನು ಕಿತ್ತು ತಟ್ಟೆಯ ಕೆಳಗಿನ ಆಳದ ಗುಂಡಿಗೆ ಎಸೆದಳು. ನಾನು ನನ್ನದನ್ನೂ ಎಸೆದೆ. ಗೂನ ಎಸೆದ. ನಾಲ್ಕನೆಯವನು ಮಾಸ್ತರನ ಮುಖ ನೋಡಿದ, ಅಕ್ಕನ ಕುತ್ತಿಗೆ ನೋಡಿದ, ಎಸೆದ.

ತಟ್ಟೆಯ ಹಳಿ ಈಗ ಯಾವ ಹಳಿಗೂ ಕೂಡಿರಲಿಲ್ಲ. ವ್ಯಾಗನ್ ಹಿಂದೆಯೂ ಹೋಗದು, ಮುಂದೆಯೂ ಹೋಗದು. ಇನ್ನೂ ಹತ್ತು ವ್ಯಾಗನ್ ದೊಡ್ಡ ಹಳಿಯ ಮೇಲೇ ನಿಂತಿದ್ದವು. ಸಿಗ್ನಲ್ ಸಿಗದೆ ಮೇಲ್ ಗಾಡಿ ಯಾರ್ಡಿನ ಹೊರಗೆ ನಿಂತು ಸೀಟಿ ಹಾಕಿತು.

“ನೋಡಮ್ಮ,” ಎಂದ ಮಾಸ್ತರ. ಅವನ ಬಾಯಲ್ಲಿ ‘ಅಮ್ಮ’ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. “ಹೊಟ್ಟೆಪಾಡಿನ ವಿಷಯ. ಯೋಚ್ನೆ ಮಾಡು.”

“ಮಾಡ್ತಿದೀನಿ.”

ಅವನು ಗುಮಾಸ್ತರನ್ನು ಕೂಗಿದ. ಅವರು ಕೋಟು ಬಿಚ್ಚಿಟ್ಟು ಬಂದು ಬರಿಗೈಯಲ್ಲಿ ವ್ಯಾಗನ್ನಿಗೆ ಹೆಗಲು ಕೊಟ್ಟರು. ತಟ್ಟೆ ಒಂದು ಬೆರಳಿನಷ್ಟೂ ಸರಿಯಲಿಲ್ಲ.

ಗೇಟಿನ ಕಡೆಯಿಂದ ಲಾಠಿಯವರು ಓಡಿ ಬರುತ್ತಿದ್ದರು. ಅಕ್ಕ ಗಾಲಿಗೆ ಬೆನ್ನು ಕೊಟ್ಟು ತಟ್ಟೆಯ ಮೇಲೇ ಕುಳಿತಳು. ನಾವು ಮೂವರೂ ಅವಳಿಗೆ ಒತ್ತಿಕೊಂಡು ಕುಳಿತೆವು.