ಖಾಲಿಯಾಗದ ಡಬ್ಬಿ

ಮೂರು ದಿನದಿಂದ ಆ ಸ್ಟೀಲಿನ ಡಬ್ಬಿ ಅಡುಗೆಕಟ್ಟೆಯ ಮೂಲೆಯಲ್ಲೇ ಇತ್ತು. ವಿಮಲಾ ದಿನವೂ ಅದರ ಸುತ್ತ ಒರೆಸುತ್ತಿದ್ದಳು. ಮುಚ್ಚಳ ಮಾತ್ರ ತೆಗೆಯಲಿಲ್ಲ.

ಅದು ಮೊದಲು ಯಾರ ಮನೆಯದಾಗಿತ್ತೆಂಬುದೇ ಮರೆತುಹೋಗಿತ್ತು. ಮುಂಬಯಿ ಘಾಟ್ಕೋಪರಿನ ಆ ಬಿಲ್ಡಿಂಗಿನಲ್ಲಿ ಎದುರುಬದುರು ಬಾಗಿಲುಗಳ ನಡುವೆ ಹನ್ನೊಂದು ವರ್ಷ ಓಡಾಡಿದ ಡಬ್ಬಿ. ಭಾನುವಾರ ಬೆಳಿಗ್ಗೆ ಮೈಸೂರಿನ ವಿಮಲಾ ಬಿಸಿಬೇಳೆಬಾತು ತುಂಬಿ ಕೊಡುವಳು. ಮುಲ್ಕಿ ಕಡೆಯ ರಾಜೀವಿ ಅದರಲ್ಲಿ ಅಕ್ಕಿ ಕಡುಬಿನಂಥ ಪುಂಡಿಯನ್ನೋ ನೀರುದೋಸೆಯನ್ನೋ ಇಟ್ಟು ಮರಳಿಸುವಳು. ಏನೂ ಇಲ್ಲದ ದಿನ ಒಂದು ಚಮಚ ಸಕ್ಕರೆ. ಖಾಲಿ ಡಬ್ಬಿ ಆ ಹೊಸ್ತಿಲು ದಾಟಿದ್ದೇ ಇಲ್ಲ.

ಹಿಂದಿನ ಭಾನುವಾರ ವಿಮಲಾ ಅದನ್ನು ಆಸ್ಪತ್ರೆಗೆ ಒಯ್ದಿದ್ದಳು. ರಾಜೀವಿಯ ಗಂಟಲಿಗೆ ಮೆತ್ತಗಿನದು ಮಾತ್ರ ಇಳಿಯುತ್ತಿತ್ತು. ಹುಳಿ ಮೊದಲೇ ಬಿದ್ದರೆ ಬೇಳೆ ಗಟ್ಟಿಯಾಗೇ ಉಳಿಯುತ್ತದೆಂದು, ಬೇಳೆ ಪೂರ್ತಿ ಕರಗಿದ ಮೇಲೆಯೇ ಹುಣಸೆರಸ ಹಾಕಿದ್ದಳು. ಮೆಣಸಿನಕಾಯಿ ಅರ್ಧಕ್ಕೆ ಇಳಿಸಿದ್ದಳು.

“ಬಿಸಿ ಇದೆ ಕಣೇ, ಎರಡೇ ತುತ್ತು ತಿನ್ನು.”

“ಅಲ್ಲಿಡಿ ವಿಮಲಕ್ಕ. ನಿಮ್ಮೆದುರು ತಿಂದ್ರೆ ಉಪ್ಪು ಕಮ್ಮಿ ಅಂತ ಹೇಳ್ಲಿಕ್ಕೆ ಆಗುದಿಲ್ಲ.”

“ಹನ್ನೊಂದು ವರ್ಷದಿಂದ ಹೇಳ್ತಾನೇ ಇದ್ದೀಯಲ್ಲ!”

ರಾಜೀವಿ ನಕ್ಕಳು, ಕೆಮ್ಮಿದಳು. “ಡಬ್ಬಿ ಮತ್ತೆ ಕಳಿಸ್ತೇನೆ. ಹೋಗಿ, ನಿಮ್ಮ ಲೋಕಲ್ ತಪ್ಪಿ ಹೋಗ್ತದೆ.”

ಬುಧವಾರ ಅವಳು ತೀರಿಕೊಂಡಳು. ಮರುದಿನ ಅವಳ ಗಂಡ ದೂಜ ಡಬ್ಬಿ ತಂದುಕೊಟ್ಟ.

“ಮಂಚದ ಪಕ್ಕದ ಕಪಾಟಲ್ಲಿ ಇತ್ತು ವಿಮಲಕ್ಕ.”

“ತಿಂದಳಾ?”

“ಗೊತ್ತಿಲ್ಲ. ನಾನು ಡ್ಯೂಟಿಗೆ ಹೋಗಿದ್ದೆ.”

ಕೈಗೆ ತೆಗೆದುಕೊಂಡಾಗ ಒಳಗೇನೋ ಸರಿದಾಡಿತು. ಒಣಗಿದ ಅನ್ನ, ಎಂದುಕೊಂಡಳು ವಿಮಲಾ. ಮುಟ್ಟಿಯೇ ಇಲ್ಲ. ಮುಚ್ಚಳ ತೆಗೆಯದಿರುವಷ್ಟು ದಿನ ಅದು ನಿಜವಾಗುವುದಿಲ್ಲ ಎಂಬಂತೆ ಹಾಗೇ ಇಟ್ಟಳು.

ಈ ಭಾನುವಾರ ಎದುರುಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ವಿಮಲಾ ಎಂದಿನಂತೆ ಎರಡು ಮನೆಗಾಗುವಷ್ಟು ಅಕ್ಕಿ, ಬೇಳೆ ಅಳೆದಳು. ಬಾತು ಆಯಿತು. ತುಪ್ಪದಲ್ಲಿ ಗೋಡಂಬಿ ಹುರಿದು ಸುರಿದಳು. ಆಮೇಲೆ ಸೌಟು ಹಿಡಿದು ನಿಂತೇ ಇದ್ದಳು.

“ಬೇರೆ ಡಬ್ಬಿ ಇಲ್ವೇನೇ?” ಗಂಡ ಸೀತಾರಾಮ ಮೆಲ್ಲಗೆ ಕೇಳಿದ.

“ಇದೆ,” ಎಂದಳು. ಎಂದು, ಮೂಲೆಯ ಡಬ್ಬಿಯನ್ನೇ ಎಳೆದುಕೊಂಡು ಮುಚ್ಚಳ ತಿರುಗಿಸಿದಳು.

ಒಳಗೆ ಅನ್ನವಿರಲಿಲ್ಲ. ಡಬ್ಬಿ ತೊಳೆದಾಗಿತ್ತು. ಬಲವಿಲ್ಲದ ಕೈ ತೊಳೆದದ್ದು. ಅಂಚಿನಲ್ಲಿ ಒಂದು ಬೇಳೆ ಅಂಟಿಕೊಂಡೇ ಇತ್ತು. ತಳದಲ್ಲಿ ಆಸ್ಪತ್ರೆಯಲ್ಲಿ ಚಹಾದ ಜೊತೆ ಕೊಡುವ ಎರಡು ಬಿಸ್ಕತ್ತು ಇದ್ದವು, ಕಾಗದದಲ್ಲಿ ಸುತ್ತಿ.

ವಿಮಲಾ ಅಲ್ಲೇ ನೆಲದ ಮೇಲೆ ಕುಳಿತಳು. ಮೆತ್ತಗಾಗಿದ್ದ ಬಿಸ್ಕತ್ತನ್ನು ಸೀತಾರಾಮನಿಗೂ ಕೊಡದೆ ಎರಡನ್ನೂ ತಾನೇ ತಿಂದಳು. ಆಮೇಲೆ ಡಬ್ಬಿ ತೊಳೆದು, ಬಾತು ತುಂಬಿ, ಎದುರುಬಾಗಿಲು ತಟ್ಟಿದಳು.

ಗಂಟೆಯೊಂದು ಕಳೆದ ಮೇಲೆ ದೂಜ ಬಂದ. ಕಣ್ಣು ಕೆಂಪಾಗಿದ್ದವು.

“ಚೆನ್ನಾಗಿ ತೊಳೆದಿದ್ದೇನೆ ವಿಮಲಕ್ಕ,” ಎಂದು ಡಬ್ಬಿ ಚಾಚಿದ.

ಖಾಲಿ ಡಬ್ಬಿ ಮರಳಿಸಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ವಿಮಲಾ ಎರಡು ಕೈಯಲ್ಲೂ ಅದನ್ನು ತೆಗೆದುಕೊಂಡಳು. ಡಬ್ಬಿ ಹಗುರವಾಗಿತ್ತು, ಒಳಗೆ ಏನೂ ಸರಿದಾಡಲಿಲ್ಲ.